ಬೀಟಾ ಅಂತ ಕರೆಸಿಕೊಂಡವನು

ಅವಿಭಾಜ್ಯ ಸಂಖ್ಯೆಗಳನ್ನು ಪಟ್ಟಿ ಮಾಡುವ ಪ್ರೋಗ್ರಾಂ ಬರೆಯದೆ ಮೊದಲ ವರ್ಷ ದಾಟಿದವರು ನಮ್ಮ ಕ್ಯಾಂಪಸ್‌ನಲ್ಲಿ ಯಾರೂ ಇರಲಿಕ್ಕಿಲ್ಲ. 2ನ್ನು ಉಳಿಸಿಕೊಂಡು 2ರ ಮಗ್ಗಿಯಲ್ಲಿ ಬರೋದನ್ನೆಲ್ಲ ಹೊಡೆದುಹಾಕು, ಆಮೇಲೆ 3ರದ್ದು, ಆಮೇಲೆ 5ರದ್ದು. ಕೊನೆಗೆ ಉಳಿದವೇ ಅವಿಭಾಜ್ಯಗಳು. ಇದಕ್ಕೆ ಎರಟೋಸ್ತನೀಸನ ಜರಡಿ ಅಂತ ಹೆಸರು. ಲ್ಯಾಬ್ ರೆಕಾರ್ಡಿನಲ್ಲಿ ಆ ಹೆಸರನ್ನು ತಪ್ಪು ಸ್ಪೆಲ್ಲಿಂಗ್‌ನಲ್ಲಿ ಬರೆದು ಸಹಿ ಹಾಕಿಸಿಕೊಂಡು ಮುಂದೆ ಹೋಗುತ್ತೇವೆ. ವೈವಾದಲ್ಲಿ ಕಾಂಪ್ಲೆಕ್ಸಿಟಿ ಎಷ್ಟು ಅಂತ ಕೇಳುತ್ತಾರೆಯೇ ಹೊರತು ಆ ಮನುಷ್ಯ ಯಾರು ಅಂತ ಯಾರೂ ಕೇಳಲ್ಲ.

ಕೇಳಿದರೆ ಉತ್ತರ ಸ್ವಲ್ಪ ಉದ್ದವೇ ಆಗುತ್ತೆ. ಯಾಕೆಂದರೆ ಜರಡಿ ಅವನ ಬದುಕಿನ ತೀರ ಚಿಕ್ಕ ಕೆಲಸ.

ಪುಸ್ತಕಗಳು ಅವನನ್ನು ಗ್ರೀಕ್ ವಿದ್ವಾಂಸ ಅನ್ನುತ್ತವೆ. ಆದರೆ ಅವನು ಹುಟ್ಟಿದ್ದು ಗ್ರೀಸ್‌ನಲ್ಲಲ್ಲ, ಆಫ್ರಿಕಾದಲ್ಲಿ. ಇಂದಿನ ಲಿಬಿಯಾದ ಸೈರೀನ್ ಎಂಬ ಊರಲ್ಲಿ, ಸುಮಾರು ಕ್ರಿ.ಪೂ. 276ರಲ್ಲಿ. ಥೀರಾ ದ್ವೀಪದಿಂದ ಬಂದ ಗ್ರೀಕರು ಅದಕ್ಕೂ ಮುನ್ನೂರೈವತ್ತು ವರ್ಷ ಹಿಂದೆಯೇ ಅಲ್ಲಿ ನೆಲೆ ಊರಿದ್ದರು. ಅಪ್ಪನ ಹೆಸರು ಅಗ್ಲಾವೋಸ್. ಅಷ್ಟು ಬಿಟ್ಟರೆ ಬಾಲ್ಯದ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ಉಳಿದಿಲ್ಲ.

ಅವನು ಹುಟ್ಟುವ ಹೊತ್ತಿಗೆ ಅಲೆಕ್ಸಾಂಡರ್ ಬ್ಯಾಬಿಲೋನಿನಲ್ಲಿ ಸತ್ತು ಹೆಚ್ಚುಕಡಿಮೆ 50 ವರ್ಷ ಆಗಿತ್ತು. ಅವನು ಗೆದ್ದ ನೆಲವನ್ನು ಅವನ ಸೇನಾಪತಿಗಳು ಹೊಡೆದಾಡಿ ಹಂಚಿಕೊಂಡಿದ್ದರು. ಈಜಿಪ್ಟ್ ಟಾಲೆಮಿಯ ಮನೆತನಕ್ಕೆ, ಸಿರಿಯಾದಿಂದ ಇರಾನಿನ ಆಚೆಯವರೆಗೆ ಸೆಲ್ಯೂಕಸ್‌ನ ಮನೆತನಕ್ಕೆ. ರಾಜರು ಬೇರೆಬೇರೆ ಆದರೂ ಕಚೇರಿಯ ಭಾಷೆ ಎಲ್ಲ ಕಡೆ ಗ್ರೀಕ್. ಅಫ್ಘಾನಿಸ್ತಾನದ ಉತ್ತರದ ಅಂಚಿನಲ್ಲಿ, ಆಕ್ಸಸ್ ನದಿ ದಂಡೆಯ ಐ-ಖಾನೂಮ್ ಎಂಬಲ್ಲಿ ಅಗೆದಾಗ ಗ್ರೀಕ್ ನಾಟಕ ರಂಗ, ವ್ಯಾಯಾಮಶಾಲೆ, ಡೆಲ್ಫಿಯಿಂದ ನಕಲು ಮಾಡಿ ತಂದು ಕಲ್ಲಿನಲ್ಲಿ ಕೆತ್ತಿಸಿದ ನೀತಿಮಾತುಗಳು ಸಿಕ್ಕಿವೆ. ಲಿಬಿಯಾದ ಹುಡುಗ ಅಲ್ಲಿಗೆ ಹೋಗಿದ್ದರೂ ಮಾತಿಗೆ ತೊಂದರೆ ಆಗುತ್ತಿರಲಿಲ್ಲ.

ಇಲ್ಲೊಂದು ಸಂಗತಿ ಹೇಳಲೇಬೇಕು. ಅವನ ಬಾಲ್ಯದಲ್ಲಿ ಸೈರೀನನ್ನು ಆಳುತ್ತಿದ್ದವನು ಮಾಗಸ್ ಎಂಬ ರಾಜ. ಈ ಮಾಗಸ್‌ನ ಹೆಸರು ನಮ್ಮ ದೇಶದ ಬಂಡೆಗಳ ಮೇಲಿದೆ. ಅಶೋಕ ತನ್ನ 13ನೇ ಶಿಲಾಶಾಸನದಲ್ಲಿ ಪಶ್ಚಿಮದ ಐವರು ರಾಜರನ್ನು ಹೆಸರಿಸುತ್ತಾನೆ. ಅವರಲ್ಲಿ ಈಜಿಪ್ಟಿನ ಟಾಲೆಮಿಯೂ ಇದ್ದಾನೆ, ಸೈರೀನಿನ ಈ ಮಾಗಸ್ ಕೂಡ ಇದ್ದಾನೆ. ಅಂದರೆ ಎರಟೋಸ್ತನೀಸ್ ಮತ್ತು ಅಶೋಕ ಒಂದೇ ಕಾಲದವರು, ಇವನ ಊರಿನ ಹೆಸರಲ್ಲದಿದ್ದರೂ ರಾಜನ ಹೆಸರು ಅವನ ಕಿವಿಗೆ ಬಿದ್ದಿತ್ತು.

ಓದಲು ಅಥೆನ್ಸಿಗೆ ಹೋದ. ಅಲ್ಲಿ ಒಂದೊಂದು ಮೂಲೆಯಲ್ಲಿ ಒಬ್ಬೊಬ್ಬ ತತ್ವಜ್ಞಾನಿಯ ಶಾಲೆ. ಒಬ್ಬರ ಪಾಠ ಇನ್ನೊಬ್ಬರಿಗೆ ಆಗಿಬರುತ್ತಿರಲಿಲ್ಲ. ಇವನು ಸ್ಟೋಯಿಕ್ ಪಂಥದ ಅರಿಸ್ಟೋನನ ಬಳಿಯೂ ಕೂತ, ಪ್ಲೇಟೋ ಕಟ್ಟಿದ ಅಕಾಡೆಮಿಯ ಮುಖ್ಯಸ್ಥ ಆರ್ಕೆಸಿಲಾಸನ ಬಳಿಯೂ ಕೂತ. ಯಾರ ಶಿಷ್ಯನೂ ಆಗಿ ಉಳಿಯಲಿಲ್ಲ. ಕವಿತೆ ಬರೆದ, ಹಾಸ್ಯನಾಟಕಗಳ ಮೇಲೆ ದೊಡ್ಡ ಗ್ರಂಥ ಬರೆದ, ಗಣಿತ ಮಾಡಿದ. ಎರಡು ಶತಮಾನ ಕಳೆದ ಮೇಲೂ ಸ್ಟ್ರಾಬೋ ಎಂಬ ಭೂಗೋಳಕಾರ ಇದನ್ನೇ ದೂರುತ್ತಾನೆ, ಈತ ಪೂರ್ತಿ ತತ್ವಜ್ಞಾನಿಯಾಗುವ ಧೈರ್ಯ ಮಾಡಲಿಲ್ಲ ಅಂತ.

ಸುಮಾರು ಕ್ರಿ.ಪೂ. 245ರಲ್ಲಿ ಮೂರನೇ ಟಾಲೆಮಿ ಅವನನ್ನು ಅಲೆಕ್ಸಾಂಡ್ರಿಯಾಕ್ಕೆ ಕರೆಸಿಕೊಂಡ. ಟಾಲೆಮಿಯ ರಾಣಿ ಬೆರೆನೀಸ್ ಅದೇ ಮಾಗಸ್‌ನ ಮಗಳು, ಸೈರೀನಿನವಳು. ಅಲ್ಲಿನ ದೊಡ್ಡ ಕವಿ ಕ್ಯಾಲಿಮಾಕಸ್ ಕೂಡ ಸೈರೀನಿನವನೇ. ಊರಿನವರು ಆಯಕಟ್ಟಿನ ಜಾಗದಲ್ಲಿದ್ದರೆ ಏನಾಗುತ್ತೆ ಅಂತ ನಮಗೂ ಗೊತ್ತಿದೆ. ಆದರೆ ಶಿಫಾರಸಿನಿಂದ ಮಾತ್ರ ಸಿಗುವ ಕೆಲಸ ಅದಾಗಿರಲಿಲ್ಲ. ಅವನಿಗೆ ಸಿಕ್ಕಿದ್ದು ಅಲೆಕ್ಸಾಂಡ್ರಿಯಾ ಗ್ರಂಥಾಲಯದ ಮುಖ್ಯಸ್ಥನ ಹುದ್ದೆ, ಜೊತೆಗೆ ರಾಜಕುಮಾರನಿಗೆ ಪಾಠ ಹೇಳುವ ಹೊಣೆ.

ಆ ಗ್ರಂಥಾಲಯದ ಬಗ್ಗೆ ಗೇಲೆನ್ ಎಂಬ ವೈದ್ಯ ಎರಡು ಕಥೆ ಬರೆದಿಟ್ಟಿದ್ದಾನೆ. ಬಂದರಿಗೆ ಬರುವ ಪ್ರತಿ ಹಡಗನ್ನೂ ಹುಡುಕಿ ಅದರಲ್ಲಿದ್ದ ಪುಸ್ತಕಗಳನ್ನು ಎತ್ತಿಕೊಂಡು ಹೋಗುತ್ತಿದ್ದರಂತೆ. ನಕಲು ಮಾಡಿ, ನಕಲನ್ನು ಮಾಲೀಕನಿಗೆ ಕೊಟ್ಟು, ಮೂಲವನ್ನು ಇಟ್ಟುಕೊಳ್ಳುತ್ತಿದ್ದರಂತೆ. ಇನ್ನೊಮ್ಮೆ ಅಥೆನ್ಸಿನಿಂದ ಮೂವರು ಮಹಾ ನಾಟಕಕಾರರ ಅಧಿಕೃತ ಪ್ರತಿಗಳನ್ನು 15 ಟ್ಯಾಲೆಂಟ್ ಬೆಳ್ಳಿ ಠೇವಣಿ ಇಟ್ಟು ಎರವಲು ತಂದರು. ಆಮೇಲೆ ಠೇವಣಿ ನೀವೇ ಇಟ್ಟುಕೊಳ್ಳಿ ಅಂತ ಹೊಸ ನಕಲು ಕಳಿಸಿಬಿಟ್ಟರು. ಲೈಬ್ರರಿ ಪುಸ್ತಕ ವಾಪಸ್ ಕೊಡದವರಲ್ಲಿ ಲೈಬ್ರರಿಯೇ ಮೊದಲಿಗ! ಪುಸ್ತಕಗಳು ಎಷ್ಟಿದ್ದವೆಂದರೆ, ಅವುಗಳ ವಿವರಪಟ್ಟಿಯನ್ನು ಕ್ಯಾಲಿಮಾಕಸ್ ಬರೆದಾಗ ಅದೇ 120 ಸುರುಳಿ ಆಯಿತು.

ಈ ಸುರುಳಿಗಳ ನಡುವೆ ಎರಟೋಸ್ತನೀಸ್ ಕೈಹಾಕದ ವಿಷಯವೇ ಇರಲಿಲ್ಲ. ಒಲಿಂಪಿಕ್ ವಿಜೇತರ ಪಟ್ಟಿ ಹಿಡಿದು ಚರಿತ್ರೆಗೆ ಒಂದು ಕಾಲಾನುಕ್ರಮ ಕಟ್ಟಿದ. ಹೋಮರನ ಕಾವ್ಯದಲ್ಲಿ ನಿಜವಾದ ಭೂಗೋಳ ಹುಡುಕುವವರನ್ನು ಗೇಲಿ ಮಾಡಿದ. ಒಡಿಸ್ಯೂಸ್ ಎಲ್ಲೆಲ್ಲಿ ಅಲೆದ ಅಂತ ತಿಳಿಯಬೇಕಾದರೆ ಮೊದಲು ಗಾಳಿ ತುಂಬಿದ ಆ ಚರ್ಮದ ಚೀಲ ಹೊಲಿದ ಚಮ್ಮಾರನನ್ನು ಹುಡುಕಿ ತನ್ನಿ ಅಂದವನು ಅವನು. ಇಂಥವನಿಗೆ ಸಹೋದ್ಯೋಗಿಗಳು ಇಟ್ಟ ಅಡ್ಡಹೆಸರು ಬೀಟಾ, ಗ್ರೀಕ್ ಅಕ್ಷರಮಾಲೆಯ ಎರಡನೇ ಅಕ್ಷರ. ಎಲ್ಲದರಲ್ಲೂ ಎರಡನೆಯವನು, ಯಾವುದರಲ್ಲೂ ಮೊದಲಿಗನಲ್ಲ ಎಂಬ ಕುಹಕ. ಇನ್ನು ಕೆಲವರು ಪೆಂಟಾಥ್ಲೋಸ್ ಅನ್ನುತ್ತಿದ್ದರು, ಐದು ಆಟ ಆಡುವವನು ಅಂತ. ಒಂದೇ ಬ್ರಾಂಚಿಗೆ ಅಂಟಿಕೊಂಡು ಕೂರದವರಿಗೆ ಆಗಲೂ ಇದೇ ಮರ್ಯಾದೆ.

ಈಗ ಭೂಮಿಯ ಅಳತೆಗೆ ಬರೋಣ. ಈ ಕಥೆಯನ್ನು ಶಾಲೆಯಲ್ಲಿ ಅರ್ಧ ಪುಟದಲ್ಲಿ ಮುಗಿಸಿಬಿಡುತ್ತಾರೆ. ಈಜಿಪ್ಟಿನ ದಕ್ಷಿಣದಲ್ಲಿ, ಆಗ ಸೈಯೀನೆ ಅನ್ನುತ್ತಿದ್ದ ಇಂದಿನ ಅಸ್ವಾನ್‌ನಲ್ಲಿ, ವರ್ಷದ ಅತಿ ಉದ್ದದ ಹಗಲಿನ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಬೀಳಲ್ಲ. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯಾದಲ್ಲಿ ನೆರಳು ಬೀಳುತ್ತದೆ. ಅರ್ಧಗೋಳದ ಬಟ್ಟಲಿನೊಳಗೆ ಮುಳ್ಳು ನೆಟ್ಟ ನೆರಳುಗಡಿಯಾರದಲ್ಲಿ ಆ ನೆರಳಿನ ಕೋನ ನೋಡಿದರೆ ಪೂರ್ಣ ವೃತ್ತದ 50ರಲ್ಲಿ ಒಂದು ಭಾಗ, ನಮ್ಮ ಲೆಕ್ಕದಲ್ಲಿ 7.2 ಡಿಗ್ರಿ. ಸೂರ್ಯ ತುಂಬಾ ದೂರ ಇರುವುದರಿಂದ ಕಿರಣಗಳು ಎರಡೂ ಊರಿಗೆ ಸಮಾನಾಂತರವಾಗಿ ಬರುತ್ತವೆ ಅಂತ ಇಟ್ಟುಕೊಂಡರೆ, ಎರಡು ಊರುಗಳು ಭೂಮಿಯ ಕೇಂದ್ರದಲ್ಲಿ ಮಾಡುವ ಕೋನವೂ ಅಷ್ಟೇ. ಊರುಗಳ ನಡುವಿನ ದೂರ 5,000 ಸ್ಟೇಡಿಯಾ. ಹಾಗಾದರೆ ಭೂಮಿಯ ಸುತ್ತಳತೆ ಅದರ 50 ಪಟ್ಟು, 2,50,000 ಸ್ಟೇಡಿಯಾ.

ಆಮೇಲೆ ಅದನ್ನು 2,52,000 ಮಾಡಲಾಯಿತು. ಆಗ ಅವನು ವೃತ್ತವನ್ನು 60 ಭಾಗ ಮಾಡುತ್ತಿದ್ದ, ಈ ಸಂಖ್ಯೆ 60ರಿಂದ ಶೇಷವಿಲ್ಲದೆ ಭಾಗವಾಗುತ್ತೆ. ಅಷ್ಟೇ ಯಾಕೆ, 1ರಿಂದ 10ರವರೆಗಿನ ಎಲ್ಲ ಸಂಖ್ಯೆಗಳಿಂದಲೂ ಭಾಗವಾಗುತ್ತೆ. ಲ್ಯಾಬ್‌ನಲ್ಲಿ ರೀಡಿಂಗ್ ತಿದ್ದುವ ನಮಗೆ ಇದು ಅಪರಿಚಿತ ಕಲೆಯೇನಲ್ಲ.

ಉತ್ತರ ಎಷ್ಟು ಸರಿ? ಅವನ ಸ್ಟೇಡಿಯನ್ ಎಷ್ಟು ಉದ್ದ ಎಂಬುದರ ಮೇಲೆ ನಿಂತಿದೆ. 157.5 ಮೀಟರ್ ಅಂತ ಹಿಡಿದರೆ 39,690 ಕಿ.ಮೀ. ಬರುತ್ತೆ, ನಿಜವಾದ 40,008 ಕಿ.ಮೀ.ಗೆ ಮುಟ್ಟುವಷ್ಟು ಹತ್ತಿರ. 185 ಮೀಟರ್ ಅಂತ ಹಿಡಿದರೆ 46,620 ಕಿ.ಮೀ., ಶೇಕಡಾ 16ಕ್ಕಿಂತ ಹೆಚ್ಚು ತಪ್ಪು. ಮೊದಲನೆಯದನ್ನು ಮಾತ್ರ ಹೇಳಿ ಚಪ್ಪಾಳೆ ತಟ್ಟಿಸುವ ವಿಡಿಯೋಗಳೇ ಜಾಸ್ತಿ. ಇನ್ನೂ ಇದೆ. ಅಸ್ವಾನ್ ಅಲೆಕ್ಸಾಂಡ್ರಿಯಾದ ನೇರ ದಕ್ಷಿಣಕ್ಕಿಲ್ಲ, 3 ಡಿಗ್ರಿ ಪೂರ್ವಕ್ಕಿದೆ. ಕರ್ಕಾಟಕ ಸಂಕ್ರಾಂತಿ ವೃತ್ತದ ಮೇಲೂ ಇಲ್ಲ, ಆಗಿನ ಲೆಕ್ಕದಲ್ಲಿ ಸುಮಾರು 40 ಕಿ.ಮೀ. ಉತ್ತರಕ್ಕಿತ್ತು. ಇವನ್ನೆಲ್ಲ ಪಟ್ಟಿ ಮಾಡಿದರೂ ನನಗೆ ಅವನ ಬಗ್ಗೆ ಗೌರವ ಕಡಿಮೆ ಆಗಲ್ಲ. ದೋಷ ಎಲ್ಲಿದೆ ಅಂತ ನಾವು ಇವತ್ತು ಬೆರಳಿಟ್ಟು ತೋರಿಸಬಲ್ಲೆವು ಅಂದರೆ, ವಿಧಾನ ಅಷ್ಟು ಸ್ವಚ್ಛವಾಗಿತ್ತು ಅಂತ ತಾನೆ ಅರ್ಥ.

ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಆ 5,000 ಸ್ಟೇಡಿಯಾ ಅಳೆದವರು ಯಾರು? ಕೋನವನ್ನು ಬಟ್ಟಲಲ್ಲಿ ನೋಡಬಹುದು. ನೈಲ್ ದಂಡೆಯ ಎಂಟುನೂರು ಕಿಲೋಮೀಟರ್ ದಾರಿಯನ್ನು ಬಟ್ಟಲಲ್ಲಿ ನೋಡೋಕಾಗಲ್ಲ. ಆ ಲೆಕ್ಕ ಟಾಲೆಮಿಯ ಸರ್ಕಾರಿ ಮೋಜಣಿದಾರರಿಂದ ಬಂತು ಅಂತ ಒಬ್ಬ ಲ್ಯಾಟಿನ್ ಲೇಖಕ ಹೇಳುತ್ತಾನೆ. ಅಲೆಕ್ಸಾಂಡರನ ಸೈನ್ಯದಲ್ಲೂ ಹೆಜ್ಜೆ ಎಣಿಸಿ ದಾರಿ ಅಳೆಯುವವರು ಇದ್ದರು. ಆದರೆ ಈಜಿಪ್ಟಿನಲ್ಲಿ ಈ ವಿದ್ಯೆ ಗ್ರೀಕರು ಬರುವುದಕ್ಕೆ ಸಾವಿರಾರು ವರ್ಷ ಮೊದಲಿನದು. ಪ್ರತಿ ವರ್ಷ ನೈಲ್ ಉಕ್ಕಿ ಹೊಲದ ಗಡಿಗಳನ್ನೆಲ್ಲ ಅಳಿಸಿಹಾಕುತ್ತಿತ್ತು, ಪ್ರತಿ ವರ್ಷ ಹಗ್ಗ ಹಿಡಿದು ಹೊಲ ಅಳೆಯಬೇಕಿತ್ತು, ಕಂದಾಯ ಕಟ್ಟಿಸಿಕೊಳ್ಳಬೇಕಲ್ಲ. ಅಲೆಕ್ಸಾಂಡ್ರಿಯಾದ ಸುರುಳಿಗಳಿಗೂ ವಿದ್ವಾಂಸರ ಸಂಬಳಕ್ಕೂ ಹಣ ಬರುತ್ತಿದ್ದದ್ದು ಆ ಹೊಲಗಳಿಂದಲೇ. ಹಗ್ಗ ಹಿಡಿದವರಲ್ಲಿ ಒಬ್ಬನ ಹೆಸರೂ ಈ ಕಥೆಯಲ್ಲಿ ಉಳಿದಿಲ್ಲ.

ಗ್ರೀಕ್ ಸಂಸ್ಕೃತಿ ಹರಡಿತು ಅನ್ನುವಾಗ ಇದೂ ಅದರೊಳಗೆ ಸೇರಿದೆ. ಈಜಿಪ್ಟಿನವನು ಕಚೇರಿಯಲ್ಲಿ ಮೇಲೇರಬೇಕಾದರೆ ಗ್ರೀಕ್ ಕಲಿಯಬೇಕಿತ್ತು. ಮನೆಥೋ ಎಂಬ ಈಜಿಪ್ಟಿನ ಪುರೋಹಿತ ತನ್ನ ದೇಶದ ಚರಿತ್ರೆಯನ್ನೇ ಗ್ರೀಕಿನಲ್ಲಿ ಬರೆದ. ಕನ್ನಡ ಮೀಡಿಯಂನಿಂದ ಬಂದು ಮೊದಲ ಸೆಮಿಸ್ಟರ್‌ನಲ್ಲಿ ಗೊತ್ತಿರುವ ಉತ್ತರವನ್ನೂ ನುಂಗಿಕೊಂಡು ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೆಕ್ಯಾನಿಕಲ್‌ನವರಿಗೆ ಅವನ ಇನ್ನೊಂದು ಕೆಲಸ ಹೆಚ್ಚು ಹಿಡಿಸಬಹುದು. ಒಂದು ಘನದ ಗಾತ್ರವನ್ನು ಸರಿಯಾಗಿ ಎರಡು ಪಟ್ಟು ಮಾಡಬೇಕಾದರೆ ಅದರ ಬದಿ ಎಷ್ಟಿರಬೇಕು? ಡೀಲೋಸ್ ದ್ವೀಪದಲ್ಲಿ ದೇವರು ಬಲಿಪೀಠವನ್ನು ದುಪ್ಪಟ್ಟು ಮಾಡಿ ಅಂದ ಕಥೆ ಇದಕ್ಕೆ ಅಂಟಿಕೊಂಡಿದೆ. ನಮಗೆ ಕ್ಯಾಲ್ಕುಲೇಟರ್ ಒತ್ತಿದರೆ 2ರ ಘನಮೂಲ ಸುಮಾರು 1.26 ಅಂತ ಸಿಗುತ್ತೆ. ಅವರಿಗೆ ಸ್ಕೇಲು, ಕೈವಾರ ಎರಡರಿಂದಲೇ ಇದು ಆಗಲಿಲ್ಲ, ಆಗುವುದೂ ಇಲ್ಲ. ಎರಟೋಸ್ತನೀಸ್ ಒಂದು ಉಪಕರಣ ಮಾಡಿದ. ಒಂದು ಚೌಕಟ್ಟು, ಅದರೊಳಗೆ ಒಂದರ ಹಿಂದೊಂದು ಸರಿಯುವ ಒಂದೇ ಅಳತೆಯ ಹಲಗೆಗಳು, ಪ್ರತಿಯೊಂದರ ಮೇಲೂ ಕರ್ಣ. ಅವು ಸರಿಯಾಗಿ ಕೂತಾಗ ಎರಡು ಉದ್ದಗಳ ನಡುವಿನ ಎರಡು ಅನುಪಾತ ಮಧ್ಯಕಗಳು ಕಣ್ಣೆದುರಿಗೆ ಬರುತ್ತವೆ, ಘನಮೂಲ ಅದರಲ್ಲಿದೆ.

ಇದು ಬರೀ ಬಲಿಪೀಠದ ಲೆಕ್ಕ ಆಗಿರಲಿಲ್ಲ. ಕಲ್ಲು ಎಸೆಯುವ ಯುದ್ಧಯಂತ್ರಗಳಲ್ಲಿ ನರ ಅಥವಾ ಕೂದಲಿನ ಹುರಿಯನ್ನು ತಿರುಚಿ ಕಟ್ಟಿದ ಸ್ಪ್ರಿಂಗ್ ಇರುತ್ತಿತ್ತು. ಅದರ ವ್ಯಾಸ ಕಲ್ಲಿನ ತೂಕದ ಘನಮೂಲಕ್ಕೆ ಅನುಗುಣವಾಗಿರಬೇಕು ಅಂತ ಆ ಕಾಲದ ಎಂಜಿನಿಯರುಗಳು ಪ್ರಯೋಗ ಮಾಡಿ ಕಂಡುಕೊಂಡಿದ್ದರು. ಯಂತ್ರದ ಉಳಿದ ಎಲ್ಲ ಭಾಗಗಳ ಅಳತೆ ಆ ವ್ಯಾಸದ ಇಷ್ಟು ಪಟ್ಟು, ಅಷ್ಟು ಪಟ್ಟು. ಎರಡರಷ್ಟು ತೂಕದ ಕಲ್ಲು ಎಸೆಯಬೇಕೆಂದು ಎಲ್ಲ ಭಾಗವನ್ನೂ ಎರಡು ಪಟ್ಟು ಮಾಡಿದರೆ ಯಂತ್ರವೇ ಎಂಟು ಪಟ್ಟು ಭಾರ ಆಗಿಬಿಡುತ್ತೆ. ಹಾಗಾಗಿ ಟಾಲೆಮಿಗೆ ಈ ಉಪಕರಣ ಬೇಕಿತ್ತು. ಎರಟೋಸ್ತನೀಸ್ ಅದರ ಕಂಚಿನ ಮಾದರಿಯನ್ನು ಒಂದು ಕಂಬಕ್ಕೆ ಕೂರಿಸಿ, ಕೆಳಗೆ ಸಾಧನೆಯನ್ನೂ ಒಂದು ಪುಟ್ಟ ಪದ್ಯವನ್ನೂ ಕೆತ್ತಿಸಿದ. ಭೂಮಿ ಅಳೆದ ಕೈಯೇ ಕವಣೆಯಂತ್ರವನ್ನೂ ಅಳೆಯಿತು. ಫಂಡಿಂಗ್ ಎಲ್ಲಿಂದ ಬರುತ್ತೋ ಆ ಕಡೆಗೂ ಒಂದಿಷ್ಟು ಕೆಲಸ ಮಾಡಿಕೊಡಬೇಕಾಗುತ್ತೆ, ಅವನೂ ಅದಕ್ಕೆ ಹೊರತಾಗಿರಲಿಲ್ಲ.

ಅವನನ್ನು ಬೀಟಾ ಅಂತ ನೋಡದ ಒಬ್ಬನಿದ್ದ, ಸಿಸಿಲಿಯ ಸಿರಾಕ್ಯೂಸಿನಲ್ಲಿ. ಆರ್ಕಿಮಿಡೀಸ್. ತನ್ನ ಗಣಿತದ ಗುಟ್ಟನ್ನು, ಅಂದರೆ ಆಕೃತಿಗಳನ್ನು ತೆಳ್ಳಗೆ ಹೋಳು ಮಾಡಿ ತಕ್ಕಡಿಯಲ್ಲಿಟ್ಟು ತೂಗಿದಂತೆ ಕಲ್ಪಿಸಿಕೊಂಡು ಗಾತ್ರ ಕಂಡುಹಿಡಿಯುವ ವಿಧಾನವನ್ನು, ಆರ್ಕಿಮಿಡೀಸ್ ಬರೆದು ಕಳಿಸಿದ್ದು ಎರಟೋಸ್ತನೀಸನಿಗೆ. ನಿನಗೆ ಇದು ಅರ್ಥವಾಗುತ್ತೆ ಎಂಬ ಭರವಸೆ ಇಟ್ಟು ಕಳಿಸಿದ್ದು. ಆ ಪತ್ರ ಕಳೆದೇ ಹೋಗಿತ್ತು. 13ನೇ ಶತಮಾನದಲ್ಲಿ ಯಾರೋ ಅದರ ಚರ್ಮದ ಹಾಳೆಗಳನ್ನು ಕೆರೆದು ಮೇಲೆ ಪ್ರಾರ್ಥನೆಗಳನ್ನು ಬರೆದಿದ್ದರು. 1906ರಲ್ಲಿ ಹೈಬರ್ಗ್ ಎಂಬ ಡ್ಯಾನಿಶ್ ವಿದ್ವಾಂಸ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆ ಪ್ರಾರ್ಥನಾ ಪುಸ್ತಕದ ಅಡಿಯ ಮಸುಕು ಅಕ್ಷರಗಳನ್ನು ಓದಿದ ಮೇಲೆ ಆ ವಿಧಾನ ಮತ್ತೆ ಲೋಕಕ್ಕೆ ಗೊತ್ತಾಯಿತು.

ಭೂಮಿಯ ಗಾತ್ರ ಗೊತ್ತಾದ ಮೇಲೆ ಅದರ ಮೇಲೆ ಜನ ಇರುವ ಭಾಗವನ್ನು ಬಿಡಿಸುವುದು ಉಳಿದಿತ್ತು. ಮೂರು ಸಂಪುಟಗಳ ಭೂಗೋಳ ಗ್ರಂಥದಲ್ಲಿ ಅದನ್ನೂ ಮಾಡಿದ. ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು ಊರುಗಳನ್ನು ಅದರ ಮೇಲೆ ಕೂರಿಸಿದ. ಪೂರ್ವದ ಕೊನೆಗೆ ಭಾರತ, ವಜ್ರಾಕೃತಿಯಲ್ಲಿ, ಉತ್ತರಕ್ಕೆ ಪರ್ವತ, ಪಶ್ಚಿಮಕ್ಕೆ ಸಿಂಧೂ, ಉಳಿದ ಎರಡು ಕಡೆ ಸಮುದ್ರ. ಪಾಟಲಿಪುತ್ರದವರೆಗಿನ ರಾಜಮಾರ್ಗ 10,000 ಸ್ಟೇಡಿಯಾ ಅಂತಲೂ ಬರೆದ. ಅವನು ಇತ್ತ ಬಂದವನೇ ಅಲ್ಲ. ಅಲೆಕ್ಸಾಂಡರನ ಜೊತೆ ಬಂದವರು ಬರೆದದ್ದು, ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದಿದ್ದ ಮೆಗಸ್ತನೀಸ್ ಬರೆದದ್ದು, ಎಲ್ಲವೂ ಗ್ರಂಥಾಲಯದಲ್ಲಿತ್ತು. ಕೂತಲ್ಲೇ ಒಂದರ ಜೊತೆ ಒಂದನ್ನು ತಾಳೆ ನೋಡಿದ.

ಆ ಗ್ರಂಥದ ಕೊನೆಗೆ ಅವನು ಒಂದು ಮಾತು ಎತ್ತುತ್ತಾನೆ. ಗ್ರೀಕರಿಗೆ ಲೋಕದಲ್ಲಿ ಎರಡೇ ಜಾತಿ, ತಾವು ಮತ್ತು ಅನಾಗರಿಕರು. ಗ್ರೀಕರನ್ನು ಸ್ನೇಹಿತರಂತೆ, ಉಳಿದವರನ್ನು ಶತ್ರುಗಳಂತೆ ನೋಡು ಅಂತ ಅಲೆಕ್ಸಾಂಡರನಿಗೆ ಸಲಹೆ ಕೊಟ್ಟವರಿದ್ದರು. ಅದು ಅರಿಸ್ಟಾಟಲನೇ ಅಂತ ಪ್ಲೂಟಾರ್ಕ್ ಬರೆಯುತ್ತಾನೆ. ಎರಟೋಸ್ತನೀಸ್ ಇದನ್ನು ಒಪ್ಪಲಿಲ್ಲ. ಜನರನ್ನು ಬೇರೆ ಮಾಡಲೇಬೇಕಾದರೆ ಗುಣದಿಂದ ಮಾಡಿ, ಹುಟ್ಟಿನಿಂದಲ್ಲ ಎಂಬುದು ಅವನ ವಾದ. ಕೆಟ್ಟ ಗ್ರೀಕರು ಬೇಕಾದಷ್ಟಿದ್ದಾರೆ, ಅನಾಗರಿಕರು ಅನ್ನಿಸಿಕೊಂಡವರಲ್ಲಿ ಸಂಸ್ಕಾರವಂತರೂ ಇದ್ದಾರೆ ಅಂತ ಹೇಳಿ ಉದಾಹರಣೆ ಕೊಡುತ್ತಾನೆ. ಆ ಪಟ್ಟಿಯಲ್ಲಿ ಮೊದಲ ಹೆಸರು ಭಾರತೀಯರದು. ಆಮೇಲೆ ಇರಾನಿನ ಪೂರ್ವದ ಅರಿಯಾನದವರು, ರೋಮನರು, ಕಾರ್ಥೇಜಿನವರು.

ಇದನ್ನು ಮೊದಲು ಓದಿದಾಗ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಮತ್ತೆ ಓದಿದೆ. ಅವನು 50 ವರ್ಷ ಅನ್ನ ಉಂಡ ನೆಲದ ಜನ, ಈಜಿಪ್ಟಿನವರು, ಆ ಪಟ್ಟಿಯಲ್ಲಿಲ್ಲ. ಅವರನ್ನು ಅವನು ಹಳಿದ ಅಂತಲ್ಲ. ಬ್ಯುಸಿರಿಸ್ ಎಂಬ ಈಜಿಪ್ಟಿನ ರಾಜ ಪರದೇಶಿಗಳನ್ನು ಬಲಿ ಕೊಡುತ್ತಿದ್ದ ಎಂಬ ಕಥೆ ಗ್ರೀಕರಲ್ಲಿತ್ತು. ಅಂಥ ರಾಜನೇ ಇರಲಿಲ್ಲ, ಇದು ಆ ಜನರ ಮೇಲೆ ಹೊರಿಸಿದ ಅಪವಾದ ಅಂತ ಬೇರೆ ಕಡೆ ಅವನು ಅವರ ಪರ ನಿಲ್ಲುತ್ತಾನೆ. ಆದರೂ ದೂರದ ಭಾರತ ಕಂಡಷ್ಟು ಸುಲಭವಾಗಿ ಪಕ್ಕದ ಬೀದಿ ಅವನಿಗೆ ಕಂಡಿತ್ತಾ ಎಂಬ ಸಂಶಯ ನನಗೆ ಹೋಗಿಲ್ಲ.

ಇದೇ ಕಾಲಕ್ಕೆ ಈ ಕಡೆಯಿಂದಲೂ ಇದೇ ಧಾಟಿಯ ಮಾತು ಹೊರಟಿತ್ತು. ಅಶೋಕನ 12ನೇ ಶಾಸನ ತನ್ನ ಪಂಥವನ್ನು ಹೊಗಳಿಕೊಂಡು ಇನ್ನೊಬ್ಬರದ್ದನ್ನು ತೆಗಳಬೇಡಿ ಅನ್ನುತ್ತದೆ. ಅದರ ಗ್ರೀಕ್ ಅನುವಾದದ ತುಂಡು ಅಫ್ಘಾನಿಸ್ತಾನದ ಕಂದಹಾರಿನಲ್ಲಿ ಸಿಕ್ಕಿದೆ, ಒಳ್ಳೆ ಓದಿದವರ ಗ್ರೀಕ್. ಅದೇ 12ನೇ ಶಾಸನದ ಪ್ರಾಕೃತ ಪಾಠ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯ ಕಲ್ಲಿನ ಮೇಲಿದೆ, ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಸಿಕ್ಕಿದ್ದು. ಗ್ರೀಕ್ ಭಾಷೆ ಹರಡಿದ ದಾರಿಯಲ್ಲಿ ಮಾತುಗಳು ಎರಡೂ ದಿಕ್ಕಿಗೆ ಓಡಾಡಿವೆ.

ಮುದಿತನ ಚೆನ್ನಾಗಿ ಕಳೆಯಲಿಲ್ಲ. ಅವನು ಪಾಠ ಹೇಳಿದ ರಾಜಕುಮಾರ ನಾಲ್ಕನೇ ಟಾಲೆಮಿಯಾಗಿ ಪಟ್ಟಕ್ಕೆ ಬಂದ, ಆದರೆ ಕುಡಿತ, ಹಬ್ಬ, ಮೆರವಣಿಗೆಯಲ್ಲೇ ಹೆಸರಾದ. ರಾಣಿ ಅರ್ಸಿನೋಯೆ ಒಮ್ಮೆ ಅರಮನೆಯ ಬಳಿ ಕೊಂಬೆ ಹೊತ್ತು ಹೋಗುತ್ತಿದ್ದವನನ್ನು ಇವತ್ತೇನು ಹಬ್ಬ ಅಂತ ಕೇಳಿದಳಂತೆ. ಎಲ್ಲರೂ ತಂತಮ್ಮ ಹೂಜಿ ತಂದು ಕುಡಿಯುವ ಹಬ್ಬ ಅಂದಾಗ, ಪಕ್ಕದಲ್ಲಿದ್ದ ಎರಟೋಸ್ತನೀಸನ ಕಡೆ ತಿರುಗಿ ಇದೆಂಥ ಹೊಲಸು ಕೂಟ ಅಂತ ಬೇಸರಪಟ್ಟಳಂತೆ. ಅವಳ ನೆನಪಿಗೆ ಅವನು ಒಂದು ಪುಸ್ತಕವನ್ನೇ ಬರೆದ. ಗಂಡ ಸತ್ತ ಬೆನ್ನಿಗೇ ಆಸ್ಥಾನದವರು ಅವಳನ್ನು ಕೊಲ್ಲಿಸಿದರು.

ಅದಕ್ಕೂ ಮೊದಲು, ಕ್ರಿ.ಪೂ. 217ರಲ್ಲಿ, ರಾಫಿಯಾ ಯುದ್ಧಕ್ಕೆ ಸೈನಿಕರು ಸಾಲದೆ ಟಾಲೆಮಿ 20,000 ಈಜಿಪ್ಟಿನವರ ಕೈಗೆ ಆಯುಧ ಕೊಟ್ಟಿದ್ದ. ಯುದ್ಧ ಗೆದ್ದರು. ಗೆದ್ದು ಬಂದವರಿಗೆ ಮತ್ತೆ ಕೈಕಟ್ಟಿ ನಿಲ್ಲುವ ಮನಸ್ಸಿರಲಿಲ್ಲ. ಸುಮಾರು ಕ್ರಿ.ಪೂ. 205ರಲ್ಲಿ ದಕ್ಷಿಣದ ಥೀಬ್ಸ್ ದಂಗೆ ಎದ್ದು ತನ್ನದೇ ಫೇರೋನನ್ನು ಪಟ್ಟಕ್ಕೆ ಕೂರಿಸಿತು. ಅದು ಅಡಗಲು ಇಪ್ಪತ್ತು ವರ್ಷ ಹಿಡಿಯಿತು. ಥೀಬ್ಸ್ ಇರುವುದು ಅಲೆಕ್ಸಾಂಡ್ರಿಯಾದಿಂದ ಅಸ್ವಾನಿಗೆ ಹೋಗುವ ದಾರಿಯಲ್ಲಿ. ಭೂಮಿಯನ್ನು ಅಳೆಯಲು ಬಳಸಿದ ಆ ಗೆರೆ ಅವನ ಕಣ್ಣೆದುರೇ ನಡುವೆ ತುಂಡಾಯಿತು. ಕ್ರಿ.ಪೂ. 196ರಲ್ಲಿ ಎಳೆಯ ಐದನೇ ಟಾಲೆಮಿಯ ಹೆಸರಲ್ಲಿ ಪುರೋಹಿತರ ನಿರ್ಣಯವೊಂದನ್ನು ಕಲ್ಲಿನಲ್ಲಿ ಕೆತ್ತಿದಾಗ ಗ್ರೀಕ್ ಒಂದೇ ಸಾಲಲಿಲ್ಲ, ಈಜಿಪ್ಟಿನ ಎರಡು ಲಿಪಿಗಳಲ್ಲೂ ಅದನ್ನು ಬರೆದರು. ರೊಸೆಟ್ಟಾ ಕಲ್ಲು ಅದೇ.

ಆ ಹೊತ್ತಿಗೆ ಅವನಿಗೆ ಎಂಬತ್ತರ ಆಸುಪಾಸು. ಕಣ್ಣು ಹೋಗಿತ್ತು. ಸುರುಳಿಗಳ ನಡುವೆ ಕೂತು ಓದಲಾಗದ ಬದುಕು ಬೇಡವೆನಿಸಿ ಊಟ ಬಿಟ್ಟ ಅಂತ ಹೇಳುತ್ತಾರೆ. ಸತ್ತಿದ್ದು ಸುಮಾರು ಕ್ರಿ.ಪೂ. 194ರಲ್ಲಿ, ಅಲೆಕ್ಸಾಂಡ್ರಿಯಾದಲ್ಲೇ.

ಅವನ ಭೂಗೋಳ ಗ್ರಂಥದ ಮೂರು ಸಂಪುಟಗಳೂ ಈಗಿಲ್ಲ, ಭೂಮಿ ಅಳೆದ ಬಗ್ಗೆ ಬರೆದ ಪುಸ್ತಕವೂ ಇಲ್ಲ. ಭಾರತದ ನಕ್ಷೆ, ಗುಣ ನೋಡಿ ಎಂಬ ಮಾತು, ಬ್ಯುಸಿರಿಸನ ವಿಚಾರ, ಇಷ್ಟೂ ನಮಗೆ ಸಿಗುವುದು ಸ್ಟ್ರಾಬೋನ ಪುಸ್ತಕದಲ್ಲಿ, ಅವನು ಹೆಜ್ಜೆಹೆಜ್ಜೆಗೂ ಎರಟೋಸ್ತನೀಸನ ಜೊತೆ ಜಗಳವಾಡುತ್ತಾ ಎತ್ತಿಕೊಟ್ಟ ಚೂರುಗಳಲ್ಲಿ.